ಕೈಯ ಅರಿವು

ಹೊಸದಾಗಿ ವ್ಯಾಪಾರಕ್ಕೆ ತೊಡಗುವವನು ಮೊದಲು ತನ್ನ ಕೈಯನ್ನು ನಂಬಬೇಕೋ, ಯಂತ್ರವನ್ನೋ? ೧೯೯೯ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಅಂತರ್ಜಾಲದ ಮೂಲಕ ಪಾದರಕ್ಷೆಗಳನ್ನು ಮಾರಹೊರಟ ನಿಕ್ ಸ್ವಿನ್‌ಮರ್ನ್ ಎಂಬಾತನು ಊರ ಅಂಗಡಿಗಳಲ್ಲಿದ್ದ ಜೋಡುಗಳ ಚಿತ್ರಗಳನ್ನು ತೆಗೆದು ಜಾಲದಲ್ಲಿರಿಸಿದನು. ಗಿರಾಕಿಯು ಬೇಡಿದ ಮೇಲೆ ಅಲ್ಲಿಂದಲೇ ಪೂರ್ಣ ಬೆಲೆಗೆ ಕೊಂಡು ಕಳುಹಿಸಿದನು. ಹಣದ ಲಾಭವೇನೂ ಉಳಿಯಲಿಲ್ಲ. ತೊಟ್ಟುನೋಡದೆಯೂ ಜನರು ಕೊಳ್ಳುವರೆಂಬುದು ತಿಳಿಯಿತು. ತನ್ನಲ್ಲಿಲ್ಲದ ಸರಕನ್ನು ಇದ್ದಂತೆ ತೋರಿಸಿದುದು ಧರ್ಮವೇ ಎಂದು ಕೇಳಬಹುದು. ಕೇಳತಕ್ಕದ್ದೇ. ಆದರೂ ಅವನ ಊಹೆ ತಪ್ಪಿದ್ದರೆ ನಷ್ಟವು ಅವನೊಬ್ಬನದೇ ಆಗುತ್ತಿತ್ತು.

ಅದೇ ವರ್ಷ ಅದೇ ಪ್ರಾಂತದ ವೆಬ್‌ವ್ಯಾನ್ ಸಂಸ್ಥೆಯು ಓಕ್ಲೆಂಡಿನಲ್ಲಿ ಯಂತ್ರಚಾಲಿತವಾದ ದಿನಸಿಯ ಮಹಾ ಉಗ್ರಾಣವೊಂದನ್ನು ತೆರೆದು, ಗಿರಾಕಿಗಳ ಒಲವು ಸ್ಥಿರವಾಗಿ ತಿಳಿಯುವ ಮೊದಲೇ, ಅಂಥವೇ ೨೬ನ್ನು ಕಟ್ಟಿಸಲು ನೂರು ಕೋಟಿ ಡಾಲರುಗಳ ಕರಾರು ಮಾಡಿಕೊಂಡಿತು. ೨೦೦೧ರ ಜುಲೈ ತಿಂಗಳಲ್ಲಿ ಅದು ದಿವಾಳಿಯೆದ್ದಿತು. ಆ ಊಹೆಯ ಬೆಲೆಯನ್ನು ತೆತ್ತವರಲ್ಲಿ, ಕೆಲಸ ಕಳೆದುಕೊಂಡ ಸುಮಾರು ೨,೦೦೦ ಮಂದಿಯೂ ಇದ್ದರು.