ಬಾಯಿಬಿಡದೆ ಮಾರಿದ ಮನೆ

ಹುಬ್ಬಳ್ಳಿಯ ಉಣಕಲ್ ನಾಲಾದ ಮಗ್ಗುಲಿಗೆ ಒಂದು ಮನೆ ಮಾರಾಟಕ್ಕಿದೆ ಎಂದಿಟ್ಟುಕೊಳ್ಳೋಣ. ದೊಡ್ಡ ಮಳೆಯಾದರೆ ಅಡುಗೆಮನೆತನಕ ನೀರು ನುಗ್ಗುತ್ತದೆ, ಅದು ಮಾರುವವನಿಗೆ ಗೊತ್ತು. ಸಿಟಿಎಸ್ ಉತಾರ ಚೊಕ್ಕಟ, ಜಾಗ ಎನ್.ಎ. ಆಗಿದೆ, ಇ.ಸಿ.ಯಲ್ಲಿ ಬೋಜಾ ಇಲ್ಲ. ಕೇಳಿದ್ದಕ್ಕೆಲ್ಲ ಆತ ಖರೆಯನ್ನೇ ಹೇಳಿದ. ನೀರಿನ ಮಾತು ಯಾರೂ ಕೇಳಲಿಲ್ಲ, ಆತನೂ ಎತ್ತಲಿಲ್ಲ. ಇದು ಸುಳ್ಳೇ? ಸುಳ್ಳೇ ಎಂಬುದು ನನ್ನ ವಾದ.

ಕಾಯ್ದೆ ಈ ವಾದದ ಜೊತೆ ಬಹಳ ದೂರ ಬರುತ್ತದೆ. ಆಸ್ತಿಯಲ್ಲಾಗಲಿ ಹಕ್ಕಿನಲ್ಲಾಗಲಿ ತನಗೆ ಗೊತ್ತಿರುವ, ಕೊಳ್ಳುವವನ ಸಾಮಾನ್ಯ ಎಚ್ಚರಕ್ಕೆ ಸಿಗದ ದೊಡ್ಡ ದೋಷವನ್ನು ಮಾರುವವನು ತಾನಾಗಿಯೇ ಹೇಳಬೇಕು, ಹೇಳದಿದ್ದರೆ ಅದು ವಂಚನೆ ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ವಂಚನೆ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ಖರೀದಿ ಪತ್ರದ ರದ್ದತಿಗೆ ದಾವೆ ಹೂಡಬಹುದು. ಬಿಲ್ಡರ್ ಸುಳ್ಳು ಜಾಹೀರಾತು ಕೊಟ್ಟಿದ್ದರೆ 2016ರ ರೇರಾ ಕಾಯ್ದೆ ಬಡ್ಡಿಸಮೇತ ಹಣ ವಾಪಸ್ ಕೊಡಿಸುತ್ತದೆ. ಆದರೆ 1872ರ ಕರಾರು ಕಾಯ್ದೆಯ 19ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ವಂಚನೆ ಬರೀ ಮೌನದ್ದಾಗಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ಸತ್ಯ ತಿಳಿಯುವಂತಿದ್ದರೆ ಕರಾರು ಮುರಿಯಲಾಗದು. ನೀರಿನ ಗುರುತಿನ ಮೇಲೆ ಬಣ್ಣ ಬಳಿಸಿದ್ದರೆ ಅದು ಮುಚ್ಚಿಟ್ಟದ್ದಾಗುತ್ತದೆ, ಆಗ ಈ ರಕ್ಷಣೆ ಸಿಗದು. ಬಳಿಸದೆ ಸುಮ್ಮನಿದ್ದರೆ, ಪಕ್ಕದ ಮನೆಯವರನ್ನು ಕೇಳಬಹುದಿತ್ತಲ್ಲ ಎಂದು ವಕೀಲರು ವಾದಿಸಲು ಎಡೆಯುಂಟು. ಅಂದರೆ ಕೊಳ್ಳುವವನಿಗೆ ತಿಳಿಯಬಹುದಿತ್ತೇ ಎಂದೂ ಕಾಯ್ದೆ ಕೇಳುತ್ತದೆ. ಧರ್ಮ ಕೇಳುವುದು ಒಂದೇ, ನಿನಗೆ ಗೊತ್ತಿತ್ತೇ ಎಂದು.

ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ತನ್ನ ಮಿತಾಕ್ಷರಕ್ಕೆ ಆಧಾರವಾಗಿಟ್ಟುಕೊಂಡ ಯಾಜ್ಞವಲ್ಕ್ಯ ಸ್ಮೃತಿ, ದೋಷದ ವಸ್ತುವನ್ನು ದೋಷವಿಲ್ಲದ್ದರಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡ ಹೇಳುತ್ತದೆ. ಅಲ್ಲಿ ಎಣಿಕೆಗೆ ಬರುವುದು ಮಾರುವವನ ನಡತೆ. ಅಪ್ರಿಯವಾದ ಸತ್ಯ ನುಡಿಯಬಾರದು ಎಂದು ಮನುವೇ ಹೇಳಿಲ್ಲವೇ ಎಂದು ಕೆಲವರು ಅಡ್ಡ ಮಾತು ತೆಗೆಯುತ್ತಾರೆ. ಪ್ರಿಯವಾದ ಸುಳ್ಳೂ ಬೇಡವೆಂದು ಅದೇ ಶ್ಲೋಕದಲ್ಲಿರುವುದನ್ನು ಅವರು ಬಿಟ್ಟುಬಿಡುತ್ತಾರೆ. ಹೊಸ ಮನೆ ಹೊಕ್ಕವರು ಮಾಡಿಸುವ ಸತ್ಯನಾರಾಯಣ ಪೂಜೆಯ ಕಥೆಯಲ್ಲಿ ವ್ಯಾಪಾರಿಯೊಬ್ಬ ದೋಣಿಯಲ್ಲಿ ಬರೀ ಎಲೆಬಳ್ಳಿ ಇದೆ ಎಂದು ಸನ್ಯಾಸಿಗೆ ಹೇಳಿ ಸಂಪತ್ತನ್ನೆಲ್ಲ ಕಳೆದುಕೊಳ್ಳುತ್ತಾನೆ. ಮುಚ್ಚಿಟ್ಟು ಮಾರಿದ ಮನೆಯಲ್ಲೂ ಅದೇ ಕಥೆ ಓದಿಸುತ್ತೇವೆ. ಉಳಿದ ಆಕ್ಷೇಪ ದುಡ್ಡಿನದು, ಅದು ಹಗುರವಲ್ಲ: ಹೇಳಿದರೆ ಬೆಲೆ ಇಳಿಯುತ್ತದೆ, ಮಗಳ ಮದುವೆ ನಿಲ್ಲುತ್ತದೆ. ಇಳಿಯುವುದು ನಿಜ. ಆದರೆ ಇಳಿಯುವ ಆ ಮೊತ್ತ ನೀರು ಬಾರದ ಮನೆಗೆ ಸಲ್ಲುವ ಹಣ, ಅಂಥ ಮನೆ ಈತನ ಕೈಯಲ್ಲಿ ಇಲ್ಲ. ಇದ್ದದ್ದನ್ನು ಸಂಚಕಾರ ಪತ್ರದಲ್ಲೇ ಒಂದು ಸಾಲು ಬರೆಸಿ, ಅದಕ್ಕೆ ತಕ್ಕ ಬೆಲೆ ಕೇಳುವ ಹಾದಿ ಆತನಿಗೆ ತೆರೆದೇ ಇದೆ.