ಜಲಗಾಲನ ವ್ರತವೂ ಗಡಸು ನೀರೂ

ಶ್ರಾವಕನ ಮನೆಯನ್ನು ಗುರುತಿಸಲು ನಮ್ಮ ಹಿರಿಯರು ಮೂರು ಲಕ್ಷಣಗಳನ್ನು ಹೇಳುತ್ತಿದ್ದರು: ನಿತ್ಯ ದೇವದರ್ಶನ, ರಾತ್ರಿಭೋಜನ ತ್ಯಾಗ, ಸೋಸಿದ ನೀರಿನ ಬಳಕೆ. ಇವುಗಳಲ್ಲಿ ಮೂರನೆಯದೇ ಸುಲಭವೆಂದು ನಾವೆಲ್ಲರೂ ಭಾವಿಸಿದ್ದೇವೆ. ದಪ್ಪ ಬಟ್ಟೆಯೊಂದನ್ನು ಇಮ್ಮಡಿಸಿ ಕೊಡದ ಬಾಯಿಗೆ ಹಾಸಿದರೆ ವ್ರತ ನಡೆಯಿತೆಂದು ಸಮಾಧಾನ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನೀರು ಕುಡಿದು ಬಾಳುವವರಿಗೆ ಈ ಸುಲಭದ ವ್ರತವೇ ಇಂದು ಕಠಿಣವಾದ ಧರ್ಮಜಿಜ್ಞಾಸೆಯನ್ನು ತಂದೊಡ್ಡಿದೆ.

ಕಳೆದ ಅಷ್ಟಾಹ್ನಿಕ ಪರ್ವದಲ್ಲಿ ಚಿಂತಾಮಣಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಆಕೆಗೆ ಎಪ್ಪತ್ತು ದಾಟಿದೆ. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ. ಕುದಿಸಿದ ನೀರಲ್ಲದೆ ಬೇರೆ ಮುಟ್ಟುವುದಿಲ್ಲ. ಆಕೆಯ ಮಗ ಅಡುಗೆಮನೆಯ ಗೋಡೆಗೆ ಆರ್.ಓ. ಎಂಬ ಶುದ್ಧೀಕರಣ ಯಂತ್ರವನ್ನು ಹಾಕಿಸಿದ್ದ. ಅಕ್ಕ ಅದರ ನೀರನ್ನು ಒಲ್ಲೆನೆಂದು ಕುಳಿತಿದ್ದಳು.

“ತಮ್ಮಾ, ಬಟ್ಟೆಗೆ ಸಿಕ್ಕಿದ ಜೀವಗಳನ್ನು ನಾವು ಬಾವಿಗೇ ಬಿಡುತ್ತಿದ್ದೆವು. ಈ ಯಂತ್ರಕ್ಕೆ ಸಿಕ್ಕವು ಎಲ್ಲಿಗೆ ಹೋಗುತ್ತವೆ? ಮೂರು ಕೊಡ ಮೋರಿಗೆ ಸುರಿದು ಒಂದು ಕೊಡ ಕುಡಿಯುವುದು ಯಾವ ವ್ರತವಪ್ಪಾ?” ಎಂದಳು.

“ಮಾವ, ನೀರನ್ನು ಪರೀಕ್ಷೆ ಮಾಡಿಸಿದ್ದೇನೆ. ಗಡಸುತನ ಹಾಗಿರಲಿ, ಫ್ಲೋರೈಡೇ ಮಿತಿ ಮೀರಿದೆ. ಅಮ್ಮ ಅದನ್ನೇ ಕುದಿಸಿ ಕುದಿಸಿ ಕುಡಿಯುತ್ತಿದ್ದಾರೆ. ನೀವೇ ಹೇಳಿ” ಎಂದು ಅಳಿಯ ನನ್ನ ಕಡೆ ತಿರುಗಿದ.

ನಾನು ಮೌನವಾದೆ. ಏಕೆಂದರೆ, ಕುದಿಸಿದ ನೀರಿನಲ್ಲಿ ಯಾವ ದೋಷವೂ ಉಳಿಯದೆಂದು ಎಷ್ಟೋ ವರ್ಷಗಳ ಹಿಂದೆ ಅಕ್ಕನಿಗೆ ಹೇಳಿದವನು ನಾನೇ. ನನ್ನ ಮಾತನ್ನು ಶಾಸ್ತ್ರವಾಕ್ಯವೆಂದೇ ಆಕೆ ನಂಬಿದ್ದಳು. ಆ ಮಾತು ಅರ್ಧಸತ್ಯವಾಗಿತ್ತು.

ಮೊದಲು ಪದಾರ್ಥದ ಸ್ವರೂಪವನ್ನು ವಿಚಾರಿಸೋಣ. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿಯೂ ಚಿತ್ರಾವತಿಯೂ ನಂದಿಯ ಸುತ್ತಣ ಬೆಟ್ಟಗಳಲ್ಲೇ ಹುಟ್ಟಿದರೂ ಮಳೆಗಾಲವಲ್ಲದಾಗ ಮರಳಷ್ಟೇ ಕಾಣುತ್ತದೆ. ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಜಕ್ಕಲಮಡುಗು ಜಲಾಶಯದ ಆಸರೆಯುಂಟು. ಉಳಿದಂತೆ ಬಹುಪಾಲು ಕೊಳವೆ ಬಾವಿಗಳೇ ಗತಿ. ಸಾವಿರ ಅಡಿಗೂ ಮಿಕ್ಕು ಕೊರೆದು ತೆಗೆಯುವ ನೀರು ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತು ಸುಣ್ಣ, ಮೆಗ್ನೀಸಿಯಂ, ಫ್ಲೋರೈಡುಗಳನ್ನು ಕರಗಿಸಿಕೊಂಡಿರುತ್ತದೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಮಾನಕದ ಪ್ರಕಾರ ಲೀಟರೊಂದರಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಫ್ಲೋರೈಡು 1 ಮಿಲಿಗ್ರಾಂ ಒಳಗಿರಬೇಕು, 1.5ನ್ನು ಮೀರಲೇಬಾರದು.

ಗಡಸು ನೀರನ್ನು ಕುದಿಸಿದಾಗ ಅದರಲ್ಲಿನ ಸುಣ್ಣದ ಒಂದು ಭಾಗ ಪಾತ್ರೆಯ ತಳದಲ್ಲಿ ಬಿಳಿಯ ಪದರವಾಗಿ ಕಟ್ಟುತ್ತದೆ. ಇದನ್ನು ಕಂಡು ನೀರು ಅಶುದ್ಧವಾಯಿತೆಂದು ಅಂಜುವ ಶ್ರಾವಿಕೆಯರಿದ್ದಾರೆ. ಅಂಜಬೇಕಾಗಿಲ್ಲ, ಅದು ಅಜೀವ, ಕೇವಲ ಪುದ್ಗಲ. ಆದರೆ ಆ ಪದರ ದಪ್ಪವಾದಷ್ಟೂ ನೀರು ಕಾಯಲು ಹೆಚ್ಚು ಉರಿ ಬೇಕು, ಹೆಚ್ಚು ಉರಿಯೆಂದರೆ ಹೆಚ್ಚು ತೇಜಸ್ಕಾಯ ಹಿಂಸೆ. ಪಾತ್ರೆಯನ್ನು ಉಜ್ಜಿಡುವುದೂ ವ್ರತದ ಅಂಗವೇ. ಫ್ಲೋರೈಡಿನ ಸಂಗತಿ ಬೇರೆ. ಅದು ಬಟ್ಟೆಗೆ ಸಿಕ್ಕುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಅದು ಹಲ್ಲನ್ನೂ ಎಲುಬನ್ನೂ ಕೆಡಿಸುವುದು ನಿರ್ವಿವಾದ.

ಹಾಗಾದರೆ ಆಗಮದ ವಿಧಿ ಸಾಲದಾಯಿತೇ? ಇಲ್ಲ, ವಿಧಿಯ ಉದ್ದೇಶವನ್ನು ನಾವು ಮರೆತೆವು. ಜಲಗಾಲನವು ಕುಡಿಯುವವನ ಆರೋಗ್ಯಕ್ಕಾಗಿ ಹುಟ್ಟಿದ್ದಲ್ಲ, ನೀರಿನಲ್ಲಿರುವ ತ್ರಸಜೀವಗಳ ರಕ್ಷಣೆಗಾಗಿ ಹುಟ್ಟಿದ್ದು. ಆದ್ದರಿಂದಲೇ ಸೋಸುವುದು ಅದರ ಅರ್ಧ ಮಾತ್ರ. ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಸಿಕ್ಕಿದ ಜೀವಗಳನ್ನು ಅವು ಬಂದ ನೀರಿಗೇ ಮೆಲ್ಲನೆ ಮುಟ್ಟಿಸುವುದು ಉಳಿದರ್ಧ. ಸೋಸಿದ ನೀರಿಗೆ ಎರಡು ಗಳಿಗೆ, ಅಂದರೆ 48 ನಿಮಿಷ, ಕುದಿಸಿದ ನೀರಿಗೆ ಎಂಟು ಜಾವ ಎಂಬ ಕಾಲಮಿತಿಯೂ ಜೀವೋತ್ಪತ್ತಿಯನ್ನು ಕುರಿತದ್ದೇ. ಬಟ್ಟೆಯಿಂದ ದಯೆಯನ್ನು ಬೇಡಬೇಕೇ ಹೊರತು ರಸಾಯನವನ್ನು ಬೇಡಬಾರದು. ಹಾಗೆಯೇ ಯಂತ್ರದಿಂದ ರಸಾಯನವನ್ನು ಪಡೆಯಬಹುದು, ದಯೆಯನ್ನು ಪಡೆಯಲಾಗದು. ಒಂದು ಇನ್ನೊಂದರ ಸ್ಥಾನದಲ್ಲಿ ನಿಲ್ಲಲಾರದು. ಅಳಿಯನ ಯಂತ್ರ ಬಂದುದರಿಂದ ಬಟ್ಟೆ ಬೇಡವಾಗುವುದಿಲ್ಲ. ಅಕ್ಕನ ಬಟ್ಟೆಯಿರುವುದರಿಂದ ಯಂತ್ರ ನಿಷಿದ್ಧವೂ ಆಗುವುದಿಲ್ಲ. ಅರಿತೂ ಅರಿತೂ ದೇಹಕ್ಕೆ ವಿಷವುಣಿಸುವುದು ತಪಸ್ಸಲ್ಲ. ಉಪವಾಸದಲ್ಲಿ ದೇಹವನ್ನು ದಂಡಿಸುವುದಕ್ಕೆ ಸಂಕಲ್ಪವುಂಟು, ಅವಧಿಯುಂಟು, ಪಾರಣೆಯುಂಟು. ಕೆಟ್ಟ ನೀರಿಗೆ ಇವಾವುವೂ ಇಲ್ಲ.

ಇನ್ನು ಮೋರಿಗೆ ಹೋಗುವ ನೀರು. ಇಲ್ಲಿ ಅಕ್ಕನ ಆಕ್ಷೇಪವೇ ಬಲವಾದದ್ದು. ಗೃಹಸ್ಥನಿಗೆ ಅಪ್ಕಾಯ ಹಿಂಸೆಯ ಪೂರ್ಣ ತ್ಯಾಗ ಅಸಾಧ್ಯ. ಆದರೆ ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದನ್ನೂ ನೀರನ್ನು ಚೆಲ್ಲುವುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು, ಅನರ್ಥದಂಡದೊಳಗೆ ಎಣಿಸಿದ್ದಾರೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆಯಿರುವೆಡೆ ಈ ಯಂತ್ರಗಳನ್ನು ನಿಷೇಧಿಸುವಂತೆಯೂ, ಬಳಸುವೆಡೆ ನೂರಕ್ಕೆ ಅರವತ್ತು ಪಾಲು ನೀರಾದರೂ ದಕ್ಕುವಂತೆ ಮಾಡಬೇಕೆಂದೂ ಸರ್ಕಾರಕ್ಕೆ ನಿರ್ದೇಶಿಸಿತು. ಆಚಾರ್ಯರು ಎಂದೋ ಹೇಳಿದ ಮಾತಿನ ಬಾಗಿಲಿಗೆ ನ್ಯಾಯಪೀಠವೂ ಬಂದು ನಿಂತಿತು. ಪರೀಕ್ಷೆ ಮಾಡಿಸದೆ, ನೆರೆಮನೆಯಲ್ಲಿದೆಯೆಂದು ಯಂತ್ರ ತರುವುದು ಅನರ್ಥದಂಡವಲ್ಲದೆ ಮತ್ತೇನು?

ಇಷ್ಟು ವಿಚಾರವಾದ ಮೇಲೆ ಆ ಮನೆಯಲ್ಲಿ ಒಂದು ಕ್ರಮ ಏರ್ಪಟ್ಟಿತು. ಯಂತ್ರಕ್ಕೆ ನೀರುಣಿಸಲು ಚಿಕ್ಕ ತೊಟ್ಟಿಯೊಂದನ್ನು ಬೇರೆಯಾಗಿ ಇಟ್ಟರು. ಬೇಕಾದಾಗ ಬೇಕಾದಷ್ಟನ್ನೇ ಬಟ್ಟೆಯಲ್ಲಿ ಸೋಸಿ ಅದಕ್ಕೆ ತುಂಬುವುದು. ಕುಡಿಯಲು ಮತ್ತು ಅಡುಗೆಗೆ ಮಾತ್ರ ಯಂತ್ರದ ನೀರು. ಅದು ಹೊರಗೆ ಬಿಟ್ಟ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾತ್ರೆಗೂ ನೆಲಕ್ಕೂ ಬಳಸುವುದು. ವ್ರತದ ನೀರನ್ನು ಆಮೇಲೆ ಕುದಿಸುವುದು. ಮುಂದಿನ ಮುಂಗಾರಿಗೆ ಮಾಳಿಗೆಯ ನೀರು ಹಿಡಿಯುವುದೆಂದೂ ನಿಶ್ಚಯವಾಯಿತು. ಮಳೆನೀರಿನಲ್ಲಿ ಗಡಸುತನವಿಲ್ಲ. ಒಂದು ಚದರ ಮೀಟರು ಮಾಳಿಗೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. 50 ಚದರ ಮೀಟರಿನ ಮಾಳಿಗೆಗೆ ವರ್ಷಕ್ಕೆ 700 ಮಿಲಿಮೀಟರಿನಂತೆ 35,000 ಲೀಟರು ಬೀಳುತ್ತದೆ. ನಾಲ್ವರು ದಿನಕ್ಕೆ 20 ಲೀಟರಿನಂತೆ ಬಳಸಿದರೆ ವರ್ಷಕ್ಕೆ ಬೇಕಾದುದು 7,300 ಲೀಟರು ಮಾತ್ರ.

“ಬಟ್ಟೆಯ ಜೀವಗಳನ್ನು ಎಲ್ಲಿಗೆ ಬಿಡಲಿ?” ಎಂದು ಅಕ್ಕ ಮತ್ತೆ ಕೇಳಿದಳು. ಆರೂವರೆ ಅಂಗುಲದ ಕೊಳವೆಯಲ್ಲಿ ಸಾವಿರ ಅಡಿ ಕೆಳಕ್ಕೆ ಅವನ್ನು ಮುಟ್ಟಿಸುವ ಉಪಾಯವಿಲ್ಲ. ನಲ್ಲಿಯ ನೀರು ಬಂದು ನಿಲ್ಲುವ ಮನೆಯ ನೆಲತೊಟ್ಟಿಗೇ ಬಿಡು ಎಂದೆ. ಇದು ಪೂರ್ಣ ವಿಧಿಯಲ್ಲ, ಶಕ್ತ್ಯನುಸಾರದ ವಿಧಿ. ಉಳಿದ ಕೊರತೆಯನ್ನು ಪ್ರತಿಕ್ರಮಣದಲ್ಲಿ ನೆನೆಯಬೇಕು.

ಬಾವಿಯಿಂದ ಸೇದುತ್ತಿದ್ದ ನಮ್ಮ ತಾಯಂದಿರು ತಮ್ಮ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಬಲ್ಲವರಾಗಿದ್ದರು. ನಲ್ಲಿ ತಿರುಗಿಸುವ ನಮಗೆ ಆ ಪರಿಚಯ ತಪ್ಪಿದೆ. ನೀರಿನ ಮೂಲ, ಅದರೊಳಗಿನ ಪದಾರ್ಥ, ಚೆಲ್ಲಿದ ಪಾಲಿನ ಗತಿ ಇವನ್ನು ಅರಿಯದೆ ಸೋಸಿದ ನೀರು ಬಟ್ಟೆ ದಾಟಿದ ನೀರಷ್ಟೇ, ವ್ರತದ ನೀರಲ್ಲ. ಅರ್ಧಸತ್ಯ ಹೇಳಿದ ದೋಷಕ್ಕೆ ಅಕ್ಕನ ಮುಂದೆ ಕ್ಷಮೆ ಬೇಡಿದೆ. ಆಕೆ ನಕ್ಕು, ಹೊಸ ನೀರು ಕುದಿಸಲು ಎದ್ದಳು.