ನೆಲದ ನಿಧಿಯೂ ನೆಲದ ಋಣವೂ

ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗವೆಂಬ ಮಾತು ಪರಿಚಿತವಾದುದೇ. ಅರಸನು ಒಂದು ಗ್ರಾಮವನ್ನು ದತ್ತಿಯಾಗಿ ಕೊಡುವಾಗ ಗದ್ದೆ ಬೆದ್ದಲುಗಳನ್ನು ಕೊಟ್ಟೆನೆಂದು ಬರೆಯಿಸಿ ಸುಮ್ಮನಾಗುತ್ತಿರಲಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಎಂಟು ಬಗೆಯ ಸ್ವಾಮ್ಯವನ್ನೂ ಅದರೊಡನೆ ಹೇಳಿಸುತ್ತಿದ್ದನು. ನೆಲದ ಮೇಲೆ ಬೆಳೆಯುವುದು ಒಂದು, ಒಳಗೆ ಅಡಗಿರುವುದು ಇನ್ನೊಂದು, ಮುಂದೆ ಒದಗಬಹುದಾದುದು ಮತ್ತೊಂದು ಎಂಬ ವಿವೇಚನೆ ಆ ಬರಹದಲ್ಲಿದೆ. ಕಲ್ಲಿದ್ದಲು, ತೈಲ, ಅನಿಲ, ವಿದ್ಯುತ್ತು ಮೊದಲಾದುವು ಒಂದು ಸೀಮೆಗೆ ಹಠಾತ್ತಾಗಿ ಐಶ್ವರ್ಯವನ್ನು ತಂದಾಗ ಅದೇ ಪ್ರಶ್ನೆ ಹೊಸ ವೇಷದಲ್ಲಿ ಏಳುತ್ತದೆ. ಭೂಗರ್ಭದ ನಿಧಿ ಯಾರದು? ಅದನ್ನು ತೆಗೆದವರು ಯಾರ ಋಣವನ್ನು ತೀರಿಸಬೇಕು?

ಹಾಲೆಂಡ್ ದೇಶದ ಉತ್ತರ ದಿಕ್ಕಿನಲ್ಲಿರುವ ಗ್ರೋನಿಂಗನ್ ಪ್ರಾಂತದ ಚರಿತ್ರೆ ಈ ಪ್ರಶ್ನೆಗೆ ಸ್ಫುಟವಾದ ನಿದರ್ಶನವಾಗಿದೆ. 1959ರಲ್ಲಿ ಅಲ್ಲಿನ ಸ್ಲೊಖ್ಟರನ್ ಎಂಬ ಹಳ್ಳಿಯ ಹೊಲವೊಂದರಲ್ಲಿ ಭೂಮಿಯನ್ನು ಕೊರೆದಾಗ ಅನಿಲ ದೊರೆಯಿತು. ಅದು ಯೂರೋಪಿನಲ್ಲಿಯೇ ಅತಿ ದೊಡ್ಡ ಅನಿಲದ ಆಕರವೆಂದು ಕ್ರಮೇಣ ತಿಳಿದುಬಂದಿತು. 1963ರಿಂದ ಅನಿಲವನ್ನು ತೆಗೆಯತೊಡಗಿದರು. ಹತ್ತಾರು ವರ್ಷಗಳೊಳಗೆ ದೇಶದ ಬಹುಮಟ್ಟಿನ ಮನೆಗಳಲ್ಲಿ ಕಲ್ಲಿದ್ದಲಿನ ಒಲೆ ಹೋಗಿ ಅನಿಲದ ಒಲೆ ಬಂದಿತು. ದಕ್ಷಿಣದ ಲಿಂಬುರ್ಗ್ ಪ್ರಾಂತದ ಕಲ್ಲಿದ್ದಲಿನ ಗಣಿಗಳನ್ನು ಮುಚ್ಚುವುದಾಗಿ ಸರಕಾರವು 1965ರಲ್ಲಿ ಸಾರಿತು. 1974ರಲ್ಲಿ ಕೊನೆಯ ಗಣಿಯೂ ಮುಚ್ಚಿತು. ಉತ್ತರದ ಸಿರಿ ದಕ್ಷಿಣದ ಗಣಿಗಾರನ ಕೂಲಿಯನ್ನು ಕಳೆದಿತು. ಒಂದು ಸೀಮೆಯ ಏಳಿಗೆಯೊಳಗೆ ಇನ್ನೊಂದು ಸೀಮೆಯ ಇಳಿಕೆ ಹೀಗೆ ಸೇರಿಕೊಂಡಿರುವುದುಂಟು.

ಅನಿಲದ ಹಣ ಬೊಕ್ಕಸಕ್ಕೆ ಧಾರಾಳವಾಗಿ ಹರಿಯಿತು. ಆದರೆ ಅದರ ಹಿಂದೆಯೇ ಒಂದು ವಿಚಿತ್ರ ವ್ಯಾಧಿಯೂ ಬಂದಿತು. ಪರದೇಶಗಳು ಅನಿಲವನ್ನು ಕೊಳ್ಳಲು ಆ ದೇಶದ ನಾಣ್ಯವನ್ನು ಬಯಸಿದುವು. ನಾಣ್ಯದ ಬೆಲೆ ಏರಿತು. ಏರಲಾಗಿ ಅಲ್ಲಿನ ಬಟ್ಟೆ, ಹಡಗು ಮೊದಲಾದ ಸರಕುಗಳು ಹೊರಗಿನವರಿಗೆ ತುಟ್ಟಿಯಾದುವು. ಕಾರ್ಖಾನೆಗಳು ಸೊರಗಿದುವು. ಅವುಗಳ ಅವನತಿಗೆ ಇತರ ಕಾರಣಗಳೂ ಇದ್ದುವು. ಆದರೆ ಸುಲಭವಾಗಿ ಬಂದ ಹಣವು ದುಡಿದು ಗಳಿಸುವ ಹಣದ ದಾರಿಯನ್ನು ಇಕ್ಕಟ್ಟಾಗಿಸಿತೆಂಬುದು ನಿಜ. 1977ರಲ್ಲಿ ಲಂಡನ್ನಿನ 'ಎಕಾನಮಿಸ್ಟ್' ಪತ್ರಿಕೆಯು ಇದನ್ನು 'ಡಚ್ಚರ ರೋಗ'ವೆಂದು ಕರೆಯಿತು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳುತ್ತಾರೆ. ಕುಡಿಕೆ ಹೊನ್ನು ಕೂತು ತಿನ್ನುವುದನ್ನು ಕಲಿಸುತ್ತದೆಂಬುದನ್ನೂ ನಾವು ಇದಕ್ಕೆ ಸೇರಿಸಿಕೊಳ್ಳಬಹುದು.

ಇಲ್ಲಿಯ ಮೂಲದೋಷ ಲೆಕ್ಕದ್ದು. ಭೂಮಿಯಿಂದ ತೆಗೆದ ಅನಿಲವು ಮತ್ತೆ ಬೆಳೆಯುವ ಫಸಲಲ್ಲ; ಅದು ಮೂಲಧನ. ಮೂಲಧನವನ್ನು ವರ್ಷದ ಆದಾಯವೆಂದು ಬರೆದುಕೊಂಡು ವೆಚ್ಚಮಾಡಿದ ಗೃಹಸ್ಥನನ್ನು ನಾವು ದುಂದುಗಾರನೆನ್ನುತ್ತೇವೆ; ರಾಜ್ಯವು ಹಾಗೆ ಮಾಡಿದರೆ ಅಭ್ಯುದಯವೆನ್ನುತ್ತೇವೆ. ನೆರೆಯ ನಾರ್ವೆ ದೇಶವು ಈ ವಿಷಯದಲ್ಲಿ ಹೆಚ್ಚು ಎಚ್ಚರವನ್ನು ತೋರಿತು. ಅಲ್ಲಿನ ಸಮುದ್ರದಡಿಯಲ್ಲಿ 1969ರಲ್ಲಿ ಎಕೋಫಿಸ್ಕ್ ಎಂಬ ದೊಡ್ಡ ತೈಲದ ಆಕರ ದೊರೆಯಿತು. 1990ರಲ್ಲಿ ಆ ದೇಶವು ಕಾಯಿದೆ ಮಾಡಿ ಒಂದು ನಿಧಿಯನ್ನು ಏರ್ಪಡಿಸಿತು. 1996ರಲ್ಲಿ ಮೊದಲ ಹಣವನ್ನು ಅದರಲ್ಲಿ ಇಟ್ಟಿತು. ಆ ಹಣವನ್ನು ಪರದೇಶಗಳಲ್ಲಿ ತೊಡಗಿಸಿ, ಅದರಿಂದ ಬರುವ ಹುಟ್ಟುವಳಿಗೆ ಸರಿಯಾಗಿ ಮಾತ್ರ ಖರ್ಚುಮಾಡುವ ನಿಯಮವನ್ನು 2001ರಲ್ಲಿ ಇಟ್ಟುಕೊಂಡಿತು. ನಿಧಿಯ ನೂರಕ್ಕೆ 4ರಂತೆ ಇದ್ದ ಮಿತಿಯನ್ನು 2017ರಲ್ಲಿ 3ಕ್ಕೆ ಇಳಿಸಿತು. ಆ ತೈಲ ಉರಿದು ಲೋಕಕ್ಕೆ ಹಬ್ಬಿದ ಹೊಗೆಯ ಲೆಕ್ಕ ಬೇರೆ. ಆದರೂ ಇನ್ನೂ ಹುಟ್ಟದವರಿಗೆ ಸಲ್ಲಬೇಕಾದ ಋಣವನ್ನು ಆ ಜನ ನೆನೆದರೆಂಬುದು ಶ್ಲಾಘ್ಯ.

ಇನ್ನೊಂದು ಋಣ ಇದಕ್ಕಿಂತ ಹತ್ತಿರದ್ದು. ಅದು ನೆಲದ ಮೇಲೆ ಮನೆ ಕಟ್ಟಿಕೊಂಡು ಬಾಳುತ್ತಿರುವವರದು. ಗ್ರೋನಿಂಗನ್ನಿನಲ್ಲಿ ಸುಮಾರು 3 ಕಿಲೋಮೀಟರ್ ಆಳದ ಮರಳುಗಲ್ಲಿನಿಂದ ಅನಿಲವನ್ನು ಸೆಳೆದಂತೆಲ್ಲ ಒಳಗಿನ ಒತ್ತಡ ತಗ್ಗಿತು, ಕಲ್ಲು ಅದುಮಿಕೊಂಡಿತು, ನೆಲ ಕುಸಿಯಿತು, ಬಿರುಕುಗಳು ಸರಿದು ಭೂಮಿ ನಡುಗತೊಡಗಿತು. ನಡುಕಕ್ಕೂ ಅನಿಲಕ್ಕೂ ಸಂಬಂಧವಿಲ್ಲವೆಂಬ ಮಾತನ್ನೇ ಜನರು ಮೊದಮೊದಲು ಕೇಳಬೇಕಾಯಿತು. 2012ನೆಯ ಆಗಸ್ಟ್ 16ರಂದು ಹೌಜಿಂಗ ಎಂಬ ಹಳ್ಳಿಯ ಬಳಿ 3.6 ಪ್ರಮಾಣದ ಭೂಕಂಪವಾಯಿತು. ಆ ಸೀಮೆಯ ಸಾವಿರಾರು ಮನೆಗಳ ಗೋಡೆಗಳು ಬಿರಿದುವು. ಗಣಿಗಳ ತನಿಖೆಯ ಅಧಿಕಾರಿಗಳು ಅನಿಲ ತೆಗೆಯುವುದನ್ನು ಆದಷ್ಟು ಬೇಗ ತಗ್ಗಿಸಬೇಕೆಂದು ಹೇಳಿದರು. ಮರುವರ್ಷವಾದ 2013ರಲ್ಲಿ ತೆಗೆದುದು ಹಿಂದಿನ ವರ್ಷಕ್ಕಿಂತ ಹೆಚ್ಚೇ ಆಯಿತು! ಕೊನೆಗೆ 2023ರ ಅಕ್ಟೋಬರ್ 1ರಂದು ಬಾವಿಗಳನ್ನು ನಿಲ್ಲಿಸಿದರು. ಅದೇ ವರ್ಷ ಪಾರ್ಲಿಮೆಂಟಿನ ವಿಚಾರಣಾಸಮಿತಿಯು ಪ್ರಾಂತದ ಜನರ ಹಿತವನ್ನು ದೀರ್ಘಕಾಲ ಕಡೆಗಣಿಸಲಾಯಿತೆಂದು ನಿರ್ಣಯವನ್ನು ಕೊಟ್ಟಿತು. ಅಷ್ಟರಲ್ಲಿ ಬೊಕ್ಕಸಕ್ಕೆ ಬಂದಿದ್ದುದು ಸುಮಾರು 360 ಶತಕೋಟಿ ಯೂರೋ.

ದೇಶದ ಬಹುಜನರಿಗೆ ಹಿತವಾಗುವುದಾದರೆ ಒಂದು ಸೀಮೆಯವರು ಕಷ್ಟವನ್ನು ಸಹಿಸಬಾರದೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ, ಗ್ರಾಮದ ಹಿತಕ್ಕಾಗಿ ಒಂದು ಕುಲ ನಷ್ಟವನ್ನು ತಾಳಬೇಕೆಂದು ಹಳೆಯ ನೀತಿಜ್ಞರೂ ಹೇಳಿದ್ದುಂಟು. ಆದರೆ ತ್ಯಾಗವೆಂಬ ಕ್ರಿಯೆಗೆ ತ್ಯಾಗಿಯೇ ಕರ್ತೃವಾಗಿರಬೇಕು. ಒಬ್ಬನನ್ನು ಕೇಳದೆ, ಅವನಿಗೆ ತಿಳಿಸದೆ, ಅವನ ಮನೆಯ ಗೋಡೆ ಬಿರಿದಾಗಲೂ ಒಪ್ಪದೆ ತೆಗೆದುಕೊಂಡುದನ್ನು ಅವನ ತ್ಯಾಗವೆಂದು ಹೊಗಳುವುದು ಭಾಷೆಗೂ ಧರ್ಮಕ್ಕೂ ಅಪಚಾರ.

ಇದು ದೂರದೇಶದ ಸಮಾಚಾರವೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಕಟ್ಟಿ ಮುಗಿಯಿತು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ದೂರದ ನಗರಗಳ ಬೀದಿಗಳನ್ನು ಬೆಳಗಿತು, ಯಂತ್ರಗಳನ್ನು ತಿರುಗಿಸಿತು. ನಾಡು ಅದರಿಂದ ಬೆಳೆದುದು ಸುಳ್ಳಲ್ಲ. ಹಳ್ಳಿಗಳು ಮುಳುಗಿದುವು; ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು ಸಾಗರದ ಪೇಟೆಗೆ ಬರಲು ದೋಣಿ, ಲಾಂಚುಗಳನ್ನು ಕಾಯುತ್ತ ಆರು ದಶಕಗಳನ್ನು ಕಳೆದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು 2025ನೆಯ ಜುಲೈಯಲ್ಲಿ. ಬೆಳಕಿಗೆ ತಂತಿ ಎಳೆಯುವುದಕ್ಕೆ ಇದ್ದ ಅವಸರ, ಬೆಳಕನ್ನು ಕೊಟ್ಟವರಿಗೆ ದಾರಿ ಮಾಡುವುದಕ್ಕೆ ಇರಲಿಲ್ಲ.

ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಮನುಷ್ಯನು ಹುಟ್ಟುತ್ತಾನೆಂದು ನಮ್ಮವರು ಭಾವಿಸಿದರು. ನೆಲದಿಂದ ಶಕ್ತಿಯನ್ನು ತೆಗೆಯುವ ಜನಾಂಗಕ್ಕೆ ಮುಂದೆ ಬರುವವರ ಋಣ, ಆ ನೆಲದಲ್ಲಿರುವವರ ಋಣ ಎಂಬ ಎರಡು ಹೆಚ್ಚಿನ ಋಣಗಳುಂಟು. ಬಂದ ಐಶ್ವರ್ಯವನ್ನು ಎಣಿಸುವ ಮೊದಲು ಇವೆರಡನ್ನೂ ಕಳೆದು, ಉಳಿದುದನ್ನು ಮಾತ್ರ ಲಾಭವೆಂದು ಬರೆಯುವುದು ನ್ಯಾಯವಾದ ಲೆಕ್ಕ. ಹಾಗೆ ಬರೆದಾಗ ಕೆಲವು ಅಭ್ಯುದಯಗಳು ನಾವು ತಿಳಿದಷ್ಟು ದೊಡ್ಡವಾಗಿ ಕಾಣದೆ ಹೋಗಬಹುದು. ಕಂಡಷ್ಟು ಮಾತ್ರ ನಮ್ಮದು.